ಸೆಳವಿನ ಮೂಲ: ಟ್ಯೂಬರ್ ಒಳಗೋ, ಸುತ್ತಲೋ?

ಟ್ಯೂಬರಸ್ ಸ್ಕ್ಲೆರೋಸಿಸ್ (ಜೀನ್ ದೋಷದಿಂದ ಮೆದುಳು ಮುಂತಾದ ಅಂಗಗಳಲ್ಲಿ ಗಂಟುಗಳು ಬೆಳೆಯುವ ಕಾಯಿಲೆ) ಇರುವ ನಿಮ್ಮ ಮಗಳ ಎಂಆರ್‌ಐನಲ್ಲಿ ಕಂಡ, ಮೆದುಳಿನ ಹೊರಪದರದಲ್ಲಿ ವಿಕೃತವಾಗಿ ಬೆಳೆದ ಭಾಗಗಳಾದ ಟ್ಯೂಬರ್‌ಗಳೆಲ್ಲವೂ ಸೆಳವಿಗೆ (ಫಿಟ್ಸ್) ಕಾರಣವೇ ಎಂದು ಕೇಳಿದ್ದೀರಿ. ಹಾಗೇನಿಲ್ಲ, ಎಷ್ಟೋ ಟ್ಯೂಬರ್‌ಗಳು ಇದ್ದಲ್ಲೇ ಸುಮ್ಮನಿರುತ್ತವೆ, ಹಲವು ವೇಳೆ ಒಂದೆರಡರಿಂದಲೇ ಹೆಚ್ಚಿನ ಸೆಳವುಗಳು ಹೊರಡುತ್ತವೆ. ಮೆದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ದಾಖಲಿಸಿದಾಗ, ಕೆಲವರಲ್ಲಿ ಸೆಳವು ಟ್ಯೂಬರ್‌ನ ನಡುಭಾಗದಲ್ಲೇ ಆರಂಭವಾಗಿ ಅಂಚಿಗೂ, ಸುತ್ತಲಿನ ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ಗೂ ಹರಡಿದ್ದು ಕಂಡುಬಂದರೆ, ಇನ್ನು ಕೆಲವರಲ್ಲಿ ಸ್ಕ್ಯಾನ್‌ನಲ್ಲಿ ಸಹಜವಾಗಿಯೇ ತೋರುವ ಆ ಸುತ್ತಲಿನ ಕಾರ್ಟೆಕ್ಸೇ ಮೂಲವಾಗಿತ್ತು. ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್‌ನ ದೋಷದಿಂದ ಎಂಟಾರ್ ಎಂಬ ಬೆಳವಣಿಗೆಯ ಸಂಕೇತ ಹತೋಟಿ ಮೀರುವುದರಿಂದ, ವಿಕೃತ ನರಕೋಶಗಳು ಟ್ಯೂಬರ್‌ನ ಗಡಿಯಾಚೆಗೂ ಚದುರಿರಬಹುದು. ಮೆದುಳಿನ ಕುಹರಗಳ ಗೋಡೆಯಲ್ಲಿರುವ ಸಣ್ಣ ಗಂಟುಗಳು (ವರದಿಯಲ್ಲಿ ಇವೇ ಹೆಚ್ಚು ಹೆದರಿಸುತ್ತವೆ) ಸಾಮಾನ್ಯವಾಗಿ ಸೆಳವಿನ ಮೂಲವಲ್ಲ. ಶಸ್ತ್ರಚಿಕಿತ್ಸೆಯ ಮಾತು ಬಂದಿದ್ದರೆ, ಅತಿ ದೊಡ್ಡ ಟ್ಯೂಬರೇ ಅಪರಾಧಿ ಎಂದುಕೊಳ್ಳದೆ, ದೀರ್ಘ ವಿಡಿಯೊ ಇಇಜಿಯ (ವಿಡಿಯೊ ಜೊತೆಗೆ ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ಫಲಿತಾಂಶ ಎಂಆರ್‌ಐಗೆ ಎಲ್ಲಿ ಹೊಂದುತ್ತದೆ ಎಂಬುದನ್ನು ನರರೋಗ ತಜ್ಞರಲ್ಲಿ ವಿಚಾರಿಸಿ.