ಬರೋಕ್ ಸಂಗೀತದಲ್ಲಿ (ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತ) ಬಾಸ್ ಸಾಲಿನ, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿಯ ಸಾಲಿನ ಜೊತೆ 6, 7, 4 3 ಎಂದು ಬರೆದಿರುತ್ತದಲ್ಲ, ಅದನ್ನು ಕೀಬೋರ್ಡಿನಲ್ಲಿ ನುಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ಹೀಗಿದೆ: ಇಟಲಿಯ ಸಂಗೀತಗಾರ ಕೊರೆಲ್ಲಿಯ ಪಿಟೀಲು ಸೊನಾಟಾಗಳ (ವಾದ್ಯಕ್ಕೆ ಬರೆದ ಕೃತಿಗಳ) ಹಳೆಯ ಮುದ್ರಣ ಸಿಕ್ಕಿದೆ. ಮೇಲೆ ಪಿಟೀಲಿನ ಸಾಲು, ಕೆಳಗೆ ಬಾಸ್ ಸಾಲು, ಬಾಸ್ ಜೊತೆ ಬಿಡಿ ಅಂಕಿಗಳು. ಬಲಗೈಗೆ ಏನೂ ಇಲ್ಲ. ನಿಮಗೆ ಕರ್ನಾಟಕ ಸಂಗೀತ ಗೊತ್ತು, ಮನೆಯಲ್ಲಿ ಕೀಬೋರ್ಡ್ ಇದೆ. ಇದನ್ನು ನುಡಿಸಲು ಆಗುತ್ತದೆಯೇ?

ಖಂಡಿತ ಆಗುತ್ತದೆ. ಬಲಗೈಯ ಭಾಗ ಮುದ್ರಣದಲ್ಲಿ ಬಿಟ್ಟುಹೋದದ್ದಲ್ಲ, ಅದನ್ನು ಬರೆಯುವ ರೂಢಿಯೇ ಇರಲಿಲ್ಲ. ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೆಯ ಕೀಬೋರ್ಡ್ ವಾದ್ಯ), ಆರ್ಗನ್ ಅಥವಾ ಥಿಯೋರ್ಬೋ (ಉದ್ದ ಕತ್ತಿನ ತಂತಿವಾದ್ಯ) ನುಡಿಸುವವರು ಅಂಕಿ ನೋಡಿ ಆ ಕ್ಷಣದಲ್ಲೇ ಕಟ್ಟಿಕೊಳ್ಳುತ್ತಿದ್ದರು. ಇದಕ್ಕೆ ಬಾಸೋ ಕಂಟಿನ್ಯುವೊ ಎಂದು ಹೆಸರು. 1600ರ ಸುಮಾರಿಗೆ ಇಟಲಿಯಲ್ಲಿ ಬೇರೂರಿ, ಒಂದೂವರೆ ಶತಮಾನ ಯುರೋಪಿನ ಸಂಗೀತವನ್ನೆಲ್ಲ ಹೊತ್ತು ನಿಂತ ಪದ್ಧತಿ ಇದು. ಸಾಮಾನ್ಯವಾಗಿ ಇಬ್ಬರು ಸೇರಿ ಮಾಡುವ ಕೆಲಸ: ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯ) ಬಾಸ್ ಸಾಲನ್ನು ಎಳೆಯುತ್ತದೆ, ಹಾರ್ಪ್ಸಿಕಾರ್ಡ್ ಅದೇ ಸಾಲನ್ನು ಎಡಗೈಯಲ್ಲಿ ನುಡಿಸುತ್ತ ಬಲಗೈಯಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತುಂಬುತ್ತದೆ. ಮೇಲೆ ಎರಡು ಸಾಲು, ಕೆಳಗೊಂದು ಬಾಸ್ ಇರುವ ಕೃತಿಗೆ ಟ್ರಿಯೊ (ಮೂರರ) ಸೊನಾಟಾ ಎಂದು ಹೆಸರಿದ್ದರೂ ವೇದಿಕೆಯ ಮೇಲೆ ನಾಲ್ವರು ಕಾಣುವುದು ಈ ಕಾರಣಕ್ಕೆ.

ಅಂಕಿಯನ್ನು ಕಾರ್ಡಿನ ಹೆಸರೆಂದು ಓದಬೇಡಿ. ಅದು ಬಾಸ್ ಸ್ವರದಿಂದ ಮೇಲಕ್ಕೆ ಎಣಿಕೆ. ಬಾಸ್ ಸ್ವರವೇ ಒಂದು, ಅಲ್ಲಿಂದ ಮೂರನೆಯದು, ಐದನೆಯದು, ಆರನೆಯದು. ಪಂಚಮ ಎಂಬ ಹೆಸರಿನಲ್ಲೇ ಈ ಎಣಿಕೆ ಇದೆ, ಹಾಗಾಗಿ ನಿಮಗಿದು ಹೊಸದಲ್ಲ. ಗ್ರಹಭೇದ ಮಾಡುವಾಗ ರಾಗದ ಸ್ವರಗಳನ್ನು ಹಾಗೇ ಇಟ್ಟುಕೊಂಡು ಬೇರೊಂದು ಸ್ವರವನ್ನು ಷಡ್ಜ ಮಾಡಿಕೊಳ್ಳುತ್ತೀರಲ್ಲ, ಇಲ್ಲಿ ಪ್ರತಿ ಬಾಸ್ ಸ್ವರಕ್ಕೂ ಕ್ಷಣಕಾಲ ಅದನ್ನೇ ಮಾಡುವುದು. ತಂಬೂರಿ ಒಂದೇ ನೆಲ ಕೊಡುತ್ತದೆ. ಕಂಟಿನ್ಯುವೊದಲ್ಲಿ ಹೆಜ್ಜೆಹೆಜ್ಜೆಗೂ ನೆಲ ಬದಲಾಗುತ್ತದೆ.

ಅಂಕಿ ಇಲ್ಲದಿದ್ದರೆ 3, 5, 8 ಎಂದರ್ಥ. 6 ಇದ್ದರೆ 3 ಮತ್ತು 6. ಇಲ್ಲಿ ಐದನೆಯದು ಬೇಡ. 7 ಇದ್ದರೆ 3, 5, 7. 2 ಎಂದಿದ್ದರೆ 2, 4, 6. ಅಂಕಿಯಿಲ್ಲದೆ ಬರೀ ಶಾರ್ಪ್ (ಅರ್ಧ ಸ್ವರ ಏರಿಸುವ) ಅಥವಾ ಫ್ಲಾಟ್ (ಅರ್ಧ ಸ್ವರ ಇಳಿಸುವ) ಚಿಹ್ನೆ ಇದ್ದರೆ ಅದು ಮೂರನೆಯ ಸ್ವರಕ್ಕೆ ಸೇರಿದ್ದು. ಅಂಕಿಗಳು ಒಂದರ ಮೇಲೊಂದು ಇದ್ದರೆ ಒಟ್ಟಿಗೆ, ಅಕ್ಕಪಕ್ಕ ಇದ್ದರೆ ಒಂದಾದ ಮೇಲೊಂದು. 4 3 ಎಂಬುದು ಹೊಸಬರನ್ನು ಕೆಡವುವುದು ಇಲ್ಲೇ: ನಾಲ್ಕನೆಯದನ್ನು ಹಿಡಿದು ಆಮೇಲೆ ಮೂರನೆಯದಕ್ಕೆ ಇಳಿಯಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ ಕಿವಿಗೆ ಚುಚ್ಚುತ್ತದೆ.

ಈಗ ಕೈಯಿಟ್ಟು ನೋಡೋಣ. ಕೊರೆಲ್ಲಿ 1700ರಲ್ಲಿ ರೋಮಿನಲ್ಲಿ ಪ್ರಕಟಿಸಿದ ಓಪಸ್ 5ರ (ಐದನೆಯ ಸಂಗ್ರಹದ) ಹನ್ನೆರಡನೆಯ ಸೊನಾಟಾ ಫೋಲಿಯಾ ಎಂಬ ಹಳೆಯ ವರಸೆಯ ಮೇಲೆ ಕಟ್ಟಿದ್ದು. ಈ ವರಸೆ ಅವರಿಗಿಂತ ಮೊದಲೇ ಬಳಕೆಯಲ್ಲಿತ್ತು, ಇಟಲಿಯ ಇನ್ನೊಬ್ಬ ಸಂಗೀತಗಾರ ವಿವಾಲ್ಡಿಯೂ ಬಳಸಿದ್ದಾರೆ. ಅಲಂಕಾರವೆಲ್ಲ ತೆಗೆದರೆ ಮೊದಲ ಎಂಟು ಬಾರುಗಳ (ಬಾರು ಎಂದರೆ ಇಲ್ಲಿ ಮೂರು ಎಣಿಕೆಯ ಒಂದು ಆವರ್ತ) ಬಾಸ್ ಇಷ್ಟೇ: ಡಿ, ಎ, ಡಿ, ಸಿ, ಎಫ್, ಸಿ, ಡಿ, ಎ. ಬಾರಿಗೊಂದು ಸ್ವರ, ಮೂರು ಎಣಿಕೆ. ಚಿಹ್ನೆ ಬರುವುದು ಎ ಸ್ವರಕ್ಕೆ ಮಾತ್ರ, ಒಂದು ಶಾರ್ಪ್. ಡಿಯನ್ನು ಷಡ್ಜ ಎಂದುಕೊಂಡರೆ ಒಟ್ಟು ಸ್ವರಗಳು ನಟಭೈರವಿಯವು. ಎ ಸ್ವರದ ಮೇಲಿನ ಮೂರನೆಯದು ಸಿ, ಅಂದರೆ ಕೈಶಿಕಿ ನಿಷಾದ. ಶಾರ್ಪ್ ಅದನ್ನು ಕಾಕಲಿ ಮಾಡುತ್ತದೆ. ಆ ಒಂದು ಬಾರಿನ ಮಟ್ಟಿಗೆ ಕೀರವಾಣಿಯ ನಿಷಾದ ಕೇಳುತ್ತದೆ, ಷಡ್ಜಕ್ಕೆ ಮರಳುವ ಎಳೆತ ಬರುವುದು ಅದರಿಂದ.

ಬಲಗೈಯನ್ನು ಮಧ್ಯದ ಸಿ ಪಕ್ಕದ ಡಿಯಲ್ಲಿಡಿ, ಎಡಗೈ ಅದಕ್ಕಿಂತ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗಿನ ಡಿಯಲ್ಲಿ. ಒಂದನೆಯ ಬಾರಿನಲ್ಲಿ ಬಲಗೈ ಡಿ, ಎಫ್, ಎ. ಎರಡನೆಯದಕ್ಕೆ ಎಡಗೈ ಎ ಸ್ವರಕ್ಕೆ ಇಳಿಯಲಿ, ಬಲಗೈ ಸಿ ಶಾರ್ಪ್, ಇ, ಎ: ಕೆಳಗಿನ ಎರಡು ಬೆರಳು ಒಂದೊಂದು ಸ್ವರ ಇಳಿದವು, ಮೇಲಿನದು ಕದಲಲಿಲ್ಲ. ಮೂರನೆಯದಕ್ಕೆ ಮತ್ತೆ ಡಿ, ಎಫ್, ಎ.

ನಾಲ್ಕನೆಯ ಬಾರಿನಲ್ಲಿ ಎಚ್ಚರ ಬೇಕು. ಬಾಸ್ ಡಿಯಿಂದ ಸಿಗೆ ಒಂದು ಹೆಜ್ಜೆ ಇಳಿಯುತ್ತದೆ, ಬಲಗೈಯೂ ಹಾಗೇ ಜಾರಿ ಸಿ, ಇ, ಜಿ ಹಿಡಿಯಲು ನೋಡುತ್ತದೆ. ಸ್ವರಗಳೆಲ್ಲ ಸರಿ, ಆದರೂ ತಪ್ಪು. ಬಾಸ್ ಮತ್ತು ಡಿ ನಡುವೆ ಇದ್ದ ಆಕ್ಟೇವ್, ಬಾಸ್ ಮತ್ತು ಎ ನಡುವೆ ಇದ್ದ ಐದರ ಅಂತರ, ಎರಡೂ ಜೊತೆಜೊತೆಗೇ ಸರಿದವು. ಆಗ ಬೇರೆ ಬೇರೆ ದನಿಗಳು ಕೇಳುವ ಬದಲು ಒಂದೇ ದನಿ ದಪ್ಪಗಾಗಿ ಚಲಿಸಿದ ಹಾಗೆ ಕೇಳುತ್ತದೆ. ಆ ಕಾಲದ ಗುರುಗಳೆಲ್ಲ ಕಟ್ಟುನಿಟ್ಟಾಗಿ ನಿಷೇಧಿಸಿದ್ದು ಇದನ್ನೇ. ಬಾಸ್ ಇಳಿದರೆ ಬಲಗೈ ಏರಲಿ: ಇ, ಜಿ, ಮೇಲಿನ ಸಿ. ಐದನೆಯ ಬಾರಿಗೆ ಎಡಗೈ ಕೆಳಗಿನ ಎಫ್, ಬಲಗೈ ಎಫ್, ಎ, ಸಿ. ಆರಕ್ಕೆ ಮತ್ತೆ ಇ, ಜಿ, ಸಿ. ಏಳಕ್ಕೆ ಬಾಸ್ ಏರುತ್ತದೆ, ಬಲಗೈ ಇಳಿದು ಡಿ, ಎಫ್, ಎ. ಎಂಟಕ್ಕೆ ಸಿ ಶಾರ್ಪ್, ಇ, ಎ. ಮುಂದಿನ ಎಂಟು ಬಾರುಗಳೂ ಇವೇ. ಕೊನೆ ಮಾತ್ರ ಬೇರೆ: ಹದಿನೈದನೆಯ ಬಾರಿನೊಳಗೇ ಡಿಯಿಂದ ಎಗೆ ಹೋಗಿ ಹದಿನಾರರಲ್ಲಿ ಡಿಗೆ ಬಂದು ನಿಲ್ಲಬೇಕು. ಇದನ್ನು ನಿಧಾನವಾಗಿ ಇಪ್ಪತ್ತು ಸಲ ನುಡಿಸಿದರೆ ನಿಯಮ ಬಾಯಿಪಾಠ ಮಾಡದೆಯೇ ಕೈಗೆ ಹತ್ತುತ್ತದೆ.

6 ಕಣ್ಣಿಗೆ ಬೀಳದೇ ಹೋದರೆ ಏನಾಗುತ್ತದೆ ಎಂಬುದನ್ನೂ ಇದೇ ಶ್ರುತಿಯಲ್ಲಿ ಕೇಳಿ. ಬಾಸ್ ಇ, ಮೇಲೆ 6 ಎಂದಿದೆ. ಸರಿಯಾದದ್ದು ಇ, ಜಿ, ಸಿ. ಅಂಕಿ ಮರೆತರೆ ಇ, ಜಿ, ಬಿ ಫ್ಲಾಟ್ ಆಗಿ ಇಡೀ ಕಾರ್ಡ್ ಕುಗ್ಗಿದಂತೆ ಕೇಳುತ್ತದೆ. ಹಳೆಯ ಮುದ್ರಣಗಳಲ್ಲಿ ಅಂಕಿ ಬಿಟ್ಟುಹೋಗಿರುವುದೂ ಉಂಟು. ಹಾಗಾಗಿ ಪಿಟೀಲಿನ ಸಾಲಿನ ಮೇಲೆ ಒಂದು ಕಣ್ಣು ಇರಲೇಬೇಕು: ಬಾಸ್ ಇ ಇದ್ದಾಗ ಪಿಟೀಲು ಸಿ ಮೇಲೆ ನಿಂತಿದ್ದರೆ ಅಂಕಿ ಬರೆದಿರಲಿ ಬಿಡಲಿ, ಅದು 6.

ಇನ್ನೊಂದು, ಕಾಕಲಿಯಂತೆ ಎಳೆಯುವ ಸ್ವರ ಪಿಟೀಲಿನಲ್ಲೇ ಇದ್ದರೆ ನೀವು ಅದನ್ನು ಬಿಟ್ಟುಬಿಡಿ, ಇಬ್ಬರೂ ಹಿಡಿದರೆ ಅದೊಂದೇ ಎದ್ದು ಕಾಣುತ್ತದೆ. ಪಿಟೀಲಿಗಿಂತ ಎತ್ತರಕ್ಕೂ ಹೋಗಬೇಡಿ.

ಹಾರ್ಪ್ಸಿಕಾರ್ಡಿನಲ್ಲಿ ಬೆರಳಿನ ಒತ್ತಡದಿಂದ ದನಿ ಹೆಚ್ಚುಕಡಿಮೆ ಆಗುವುದಿಲ್ಲ. ಜೋರು ಬೇಕಾದರೆ ಸ್ವರಗಳ ಸಂಖ್ಯೆ ಹೆಚ್ಚಿಸಬೇಕು, ಮೆತ್ತಗೆ ಬೇಕಾದರೆ ಕಡಿಮೆ ಮಾಡಬೇಕು. ಮೊದಲ ಎಣಿಕೆಗೆ ಮೂರು ಸ್ವರ, ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಬಿಡಿಸಿ. ಮೂರನೆಯ ಎಣಿಕೆಗೆ ಒಂದೋ ಎರಡೋ ಸಾಕು. ಕೀಬೋರ್ಡಿನಲ್ಲಿ ಹಾರ್ಪ್ಸಿಕಾರ್ಡ್ ದನಿ ಆರಿಸಿ, ಸಸ್ಟೇನ್ ಪೆಡಲ್ ಮುಟ್ಟಬೇಡಿ. ಒತ್ತಿದರೆ 4 3ರ ಎರಡೂ ಸ್ವರ ಒಂದರೊಳಗೊಂದು ಕಲಸಿಹೋಗುತ್ತವೆ.

ಧ್ವನಿಮುದ್ರಣದ ಜೊತೆ ನುಡಿಸುವಾಗ ಅಪಸ್ವರ ಬಂದರೆ ನಿಮ್ಮ ಕೈಯನ್ನು ಅನುಮಾನಿಸಬೇಡಿ. ಹಳೆಯ ಮಾದರಿಯ ವಾದ್ಯಗಳಲ್ಲಿ ನುಡಿಸುವ ತಂಡಗಳು ಹೆಚ್ಚಾಗಿ ಎ ಸ್ವರವನ್ನು 415 ಹರ್ಟ್ಸ್‌ಗೆ ಶ್ರುತಿ ಮಾಡುತ್ತವೆ, ನಿಮ್ಮ ಕೀಬೋರ್ಡ್ 440ರಲ್ಲಿರುತ್ತದೆ. ಶ್ರುತಿ ಎರಡು ಮನೆಯಿಂದ ಒಂದೂವರೆ ಮನೆಗೆ ಇಳಿದಷ್ಟೇ ವ್ಯತ್ಯಾಸ. ಟ್ರಾನ್ಸ್‌ಪೋಸ್ ಗುಂಡಿಯನ್ನು ಮೈನಸ್ 1ಕ್ಕೆ ಇಡಿ. ಫ್ರೆಂಚ್ ಕೃತಿಗಳಿಗೆ ಕೆಲವರು 392 ಇಟ್ಟುಕೊಳ್ಳುತ್ತಾರೆ, ಆಗ ಮೈನಸ್ 2.

ಈಗಿನ ಮುದ್ರಣಗಳಲ್ಲಿ ಬಲಗೈ ಪೂರ್ತಿ ಬರೆದಿರುತ್ತದೆ. ಅದು ಸಾಮಾನ್ಯವಾಗಿ ಸಂಪಾದಕರು ಕಟ್ಟಿದ್ದು, ಕೊರೆಲ್ಲಿಯದಲ್ಲ. ತೀರಾ ಒತ್ತಾಗಿ ಕಂಡರೆ ಧೈರ್ಯವಾಗಿ ಸ್ವರ ಕಡಿಮೆ ಮಾಡಿ. ಆ ಕಾಲದ ದೊಡ್ಡ ಸಂಗೀತಗಾರರೊಬ್ಬರು ಬಲಗೈಯನ್ನು ಸ್ವತಃ ಹೇಗೆ ತುಂಬುತ್ತಿದ್ದರು ಎಂದು ನೋಡಬೇಕಾದರೆ ಟೆಲೆಮಾನ್ 1733–34ರಲ್ಲಿ ಹ್ಯಾಂಬರ್ಗಿನಲ್ಲಿ ಹೊರತಂದ ಹಾಡುಗಳ ಅಭ್ಯಾಸಮಾಲೆ ಹುಡುಕಿ. ಪುಟ್ಟ ಪುಟ್ಟ ಹಾಡುಗಳು, ಅಂಕಿಯೂ ಇದೆ, ಬಲಗೈಯನ್ನೂ ಅವರೇ ಬರೆದುಕೊಟ್ಟಿದ್ದಾರೆ. ಬಲಗೈಯ ಸಾಲನ್ನು ಕಾಗದದಿಂದ ಮುಚ್ಚಿ, ಅಂಕಿ ನೋಡಿ ನೀವೇ ನುಡಿಸಿ, ಆಮೇಲೆ ಕಾಗದ ತೆಗೆದು ಹೋಲಿಸಿ.