ಯುಡಿಪಿ 95, ಟಿಸಿಪಿ 11: ನಂಬುವುದು ಯಾವುದನ್ನು?

ಪ್ರಶ್ನೆ: ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದ ಬಂಗಲೆಗೆ 100 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಅಲ್ಲಿಂದ ಕಣದ ಪಕ್ಕದ ಕಚೇರಿಗೆ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್ (ಎರಡು ಕಟ್ಟಡಗಳನ್ನು ತಂತಿಯಿಲ್ಲದೆ ಜೋಡಿಸುವ ಕೊಂಡಿ) ಹಾಕಿಸಿದ್ದೇವೆ. ಕಚೇರಿಯ ಲಿನಕ್ಸ್ ಕಂಪ್ಯೂಟರಿನಿಂದ ಮುಂಬೈಯ ನಮ್ಮ ಬಾಡಿಗೆ ಸರ್ವರ್‌ಗೆ ವೇಗ ಅಳೆಯುವ ತಂತ್ರಾಂಶವಾದ ಐಪರ್ಫ್3 ಮೂಲಕ ಅಳೆದರೆ, ತಲುಪಿದ್ದನ್ನು ಖಚಿತಪಡಿಸಿಕೊಳ್ಳುತ್ತಾ ದತ್ತಾಂಶ ಕಳುಹಿಸುವ ಟಿಸಿಪಿಯಲ್ಲಿ 11, ಹಾಗೆ ಖಚಿತಪಡಿಸಿಕೊಳ್ಳದೆ ಕಳುಹಿಸುವ ಯುಡಿಪಿಯಲ್ಲಿ 95 ಎಂಬಿಪಿಎಸ್ ಬರುತ್ತದೆ. ಮಳೆಗಾಲದಲ್ಲಿ ಟಿಸಿಪಿ ಇನ್ನೂ ಇಳಿಯುತ್ತದೆ. ಪಿಂಗ್, ಅಂದರೆ ಹೋಗಿಬರುವ ಸಮಯ, 40 ಮಿಲಿಸೆಕೆಂಡ್. ಸೇವೆ ಕೊಡುವವರು ಟಿಸಿಪಿಗೆ ಮಾತ್ರ ತಡೆ ಹಾಕಿದ್ದಾರೆಯೇ?

ಉತ್ತರ: ಆ ತೀರ್ಮಾನಕ್ಕೆ ಬರುವ ಮೊದಲು, 95 ಎಂಬ ಅಂಕಿಯನ್ನು ವರದಿಯ ಯಾವ ಸಾಲಿನಿಂದ ತೆಗೆದುಕೊಂಡಿರಿ ಎಂಬುದನ್ನು ನೋಡಿ. ಐಪರ್ಫ್3 ಯುಡಿಪಿಯನ್ನು ತಾನಾಗಿ ಕಳುಹಿಸುವುದು 1 ಎಂಬಿಪಿಎಸ್ ವೇಗದಲ್ಲಿ ಮಾತ್ರ. ಆದ್ದರಿಂದ ವೇಗ ನಿಗದಿಪಡಿಸುವ ಸಣ್ಣ ಬಿ (-b) ಆಯ್ಕೆಯಲ್ಲಿ 95 ಎಂದು ನೀವೇ ಕೇಳಿರಬೇಕು. ಕಳುಹಿಸಿದವರ ಸಾಲು ಅದನ್ನೇ ನಿಮಗೆ ಮರಳಿ ಹೇಳುತ್ತದೆ. ಪಂಪಿನಿಂದ ಹೊರಟ ನೀರನ್ನು ಅಳೆದು ಅಷ್ಟೂ ಸ್ಪ್ರಿಂಕ್ಲರ್ ತಲುಪಿತೆಂದು ಲೆಕ್ಕ ಬರೆದಂತೆ ಇದು. ಸ್ವೀಕರಿಸಿದವರ ಸಾಲನ್ನೂ ಅದರ ಪಕ್ಕದಲ್ಲಿರುವ ಕಳೆದುಹೋದ ಪ್ಯಾಕೆಟ್‌ಗಳ (ದತ್ತಾಂಶದ ತುಣುಕುಗಳ) ಶೇಕಡಾವಾರನ್ನೂ ಓದಿದರೆ ಮಾತ್ರ ಯುಡಿಪಿ ಪರೀಕ್ಷೆಗೆ ಅರ್ಥವಿದೆ.

ಯುಡಿಪಿ ನಷ್ಟಕ್ಕೆ ಅಂಜುವುದಿಲ್ಲ. ಸಾಮಾನ್ಯ ಟಿಸಿಪಿ ಪ್ರತಿ ನಷ್ಟವನ್ನೂ ದಟ್ಟಣೆಯ ಸೂಚನೆಯೆಂದು ಭಾವಿಸಿ ವೇಗ ತಗ್ಗಿಸುತ್ತದೆ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದ ಪ್ರಕಾರ ಒಂದು ಟಿಸಿಪಿ ಸಂಪರ್ಕದ ವೇಗವು ಹೋಗಿಬರುವ ಸಮಯಕ್ಕೂ ನಷ್ಟದ ಪ್ರಮಾಣದ ವರ್ಗಮೂಲಕ್ಕೂ ವಿಲೋಮವಾಗಿರುತ್ತದೆ. 1460 ಬೈಟ್‌ಗಳ ಪ್ಯಾಕೆಟ್, 40 ಮಿಲಿಸೆಕೆಂಡ್, ಸಾವಿರಕ್ಕೆ ಒಂದು ನಷ್ಟ ಎಂದಿಟ್ಟುಕೊಂಡರೆ ಉತ್ತರ ಸುಮಾರು 11 ಎಂಬಿಪಿಎಸ್; ನಷ್ಟ ನೂರಕ್ಕೆ ಒಂದಾದರೆ ಸುಮಾರು 3.5. ನಿಮ್ಮ ಅಂಕಿಯನ್ನು ವಿವರಿಸಲು ಯಾರ ಸಂಚೂ ಬೇಕಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಉತ್ತರಕ್ಕೆ ಕಾಯದೆ ಕಳುಹಿಸಬಹುದಾದ ದತ್ತಾಂಶದ ಮಿತಿಗೆ ವಿಂಡೋ ಎನ್ನುತ್ತಾರೆ. ಅದನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಕೆಲಸ ಮಾಡದಿದ್ದರೆ, ಅಥವಾ ಬಫರಿನ (ದತ್ತಾಂಶವನ್ನು ತಾತ್ಕಾಲಿಕವಾಗಿ ಇಡುವ ಜಾಗದ) ಗಾತ್ರವನ್ನು ಯಾರೋ ಕೈಯಾರೆ ಕಡಿಮೆ ಮಾಡಿಟ್ಟಿದ್ದರೆ, ಟಿಸಿಪಿ ಒಂದು ಸಲಕ್ಕೆ 65,535 ಬೈಟ್‌ಗಳಷ್ಟನ್ನೇ ದಾರಿಯ ಮೇಲೆ ಇಡಬಲ್ಲದು; 40 ಮಿಲಿಸೆಕೆಂಡಿನಲ್ಲಿ ಅದು ಹೆಚ್ಚೆಂದರೆ 13 ಎಂಬಿಪಿಎಸ್. ಎರಡು ಬೇರೆ ಬೇರೆ ಕಾರಣಗಳು ಹೆಚ್ಚುಕಡಿಮೆ ಒಂದೇ ಅಂಕಿಯನ್ನು ಕೊಡುವುದರಿಂದ ಅಂಕಿಯನ್ನಷ್ಟೇ ನೋಡಿ ಏನನ್ನೂ ಹೇಳಲಾಗದು. ಲಿನಕ್ಸಿನಲ್ಲಿ ಐಪರ್ಫ್3 ಮರುರವಾನೆಗಳ ಎಣಿಕೆಯನ್ನೂ ತೋರಿಸುತ್ತದೆ: ಅದು ಸೊನ್ನೆಯಾಗಿದ್ದು ವೇಗ ಗೆರೆ ಎಳೆದಂತೆ ಸ್ಥಿರವಾಗಿದ್ದರೆ ವಿಂಡೋವನ್ನು ಅನುಮಾನಿಸಿ, ಎಣಿಕೆ ಏರುತ್ತಾ ವೇಗ ಏರಿಳಿಯುತ್ತಿದ್ದರೆ ನಷ್ಟವನ್ನು ಹುಡುಕಿ. ದೊಡ್ಡ ಪಿ (-P) ಆಯ್ಕೆಯಿಂದ ಏಕಕಾಲದಲ್ಲಿ ನಾಲ್ಕು ಸಂಪರ್ಕಗಳನ್ನು ತೆರೆದಾಗ ಒಟ್ಟು ವೇಗ 40ರ ಹತ್ತಿರ ಬಂದರೆ, ಮಿತಿ ಇರುವುದು ಪ್ರತಿ ಸಂಪರ್ಕಕ್ಕೆ. ಒಟ್ಟು ಟಿಸಿಪಿಯನ್ನೇ ಹಿಡಿದಿಟ್ಟಿದ್ದರೆ ಮೊತ್ತ ಹನ್ನೊಂದರಲ್ಲೇ ನಿಲ್ಲುತ್ತಿತ್ತು.

ಮಳೆಗಾಲದ ಇಳಿಕೆಯಿಂದಾಗಿ ನನ್ನ ಅನುಮಾನ ಬ್ರಿಡ್ಜಿನ ಮೇಲೆ. ಕೆಲವು ನೂರು ಮೀಟರ್ ದೂರದಲ್ಲಿ 5 ಗಿಗಾಹರ್ಟ್ಸ್ ಸಂಕೇತಕ್ಕೆ ಮಳೆಹನಿಯಿಂದ ದೊಡ್ಡ ತೊಂದರೆಯಿಲ್ಲ. ನಡುವೆ ಬೆಳೆದು ನಿಂತ ಸಿಲ್ವರ್ ಓಕಿನ ಒದ್ದೆ ಎಲೆಗಳಿಂದ ಇದೆ. ಬ್ರಿಡ್ಜ್ ಕಳೆದುಹೋದ ಪ್ಯಾಕೆಟ್ಟನ್ನು ತಾನೇ ಮತ್ತೆ ಮತ್ತೆ ಕಳುಹಿಸಿ, ಪ್ರಯತ್ನ ಮುಗಿದ ಮೇಲಷ್ಟೇ ಕೈಬಿಡುವುದರಿಂದ, ಮೊದಲು ಕಾಣಿಸುವುದು ನಷ್ಟಕ್ಕಿಂತ ವಿಳಂಬದ ಏರುಪೇರು. ಬಂಗಲೆಯಲ್ಲಿ ಒಂದು ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಿಂದ ಜೋಡಿಸಿ, ಅಲ್ಲಿಂದ ಮುಂಬೈಗೆ ಒಮ್ಮೆ, ಕಚೇರಿಯಿಂದ ಆ ಲ್ಯಾಪ್‌ಟಾಪಿಗೆ ಒಮ್ಮೆ ಅಳೆಯಿರಿ. ಎರಡನೆಯದರಲ್ಲಿ ಯುಡಿಪಿಯನ್ನು 10, 20, 40 ಎಂದು ಏರಿಸುತ್ತಾ ಹೋಗಿ. ಹತ್ತಕ್ಕೇ ನಷ್ಟ ಕಂಡರೆ ಕೊಂಡಿಯೇ ಕೆಟ್ಟಿದೆ, ಒಂದು ವೇಗ ದಾಟಿದ ಮೇಲಷ್ಟೇ ಕಂಡರೆ ಅದೇ ಅದರ ಸಾಮರ್ಥ್ಯ. ಐಪರ್ಫ್3 ಸಾಮಾನ್ಯವಾಗಿ ಅಳೆಯುವುದು ಅಪ್‌ಲೋಡನ್ನು, ಡೌನ್‌ಲೋಡಿಗೆ ದೊಡ್ಡ ಆರ್ (-R) ಆಯ್ಕೆ ಬೇಕು.

ಯುಡಿಪಿ ಮೇಲೆ ಓಡುವ ಕ್ವಿಕ್ (QUIC) ಎಂಬ ಸಾಗಣೆ ವಿಧಾನ ಬಳಸಿದರೆ 95 ಸಿಗುತ್ತದೆಂದು ಎಣಿಸಬೇಡಿ, ಅದಕ್ಕೂ ತನ್ನದೇ ದಟ್ಟಣೆ ನಿಯಂತ್ರಣವಿದೆ. ಕಳುಹಿಸುವ ಯಂತ್ರದಲ್ಲಿ ಗೂಗಲ್‌ನವರು 2016ರಲ್ಲಿ ಪ್ರಕಟಿಸಿದ ಬಿಬಿಆರ್ ಎಂಬ ದಟ್ಟಣೆ ನಿಯಂತ್ರಣ ವಿಧಾನ ಹಾಕಿದರೆ ಇಂಥ ನಷ್ಟದ ನಡುವೆಯೂ ವೇಗ ಹೆಚ್ಚಬಹುದು, ಆದರೆ ಮೊದಲು ಕೊಂಬೆ ಸವರಿಸಿ ಅಥವಾ ಆಂಟೆನಾ ಎತ್ತರಿಸಿ. ಬಂಗಲೆಯಿಂದ ಅಳೆದಾಗಲೂ 11 ಬಂದರೆ ಮಾತ್ರ ಆ ವರದಿಯನ್ನು ಸೇವೆ ಕೊಡುವವರಿಗೆ ಕಳುಹಿಸಿ.