ಬವೇರಿಯಾದ ಡ್ಯೂಕ್ ಮೂರನೇ ಟಾಸಿಲೊ ಅಧಿಕಾರ ಕಳೆದುಕೊಂಡಿದ್ದು ಹೇಗೆ?

ಸ್ವಂತ ಸೋದರಮಾವನ ಮಗನಿಂದಲೇ! ಟಾಸಿಲೊನ ತಾಯಿ, ಇಂದಿನ ಫ್ರಾನ್ಸ್-ಜರ್ಮನಿ ಭಾಗಗಳನ್ನು ಆಳುತ್ತಿದ್ದ ಫ್ರಾಂಕರ ನಾಯಕ ಪೆಪಿನ್‌ನ ಸೋದರಿ. 748ರಲ್ಲಿ ಪೆಪಿನ್ ಇವನನ್ನು ಡ್ಯೂಕ್ ಮಾಡಿದಾಗ ಇನ್ನೂ ಚಿಕ್ಕ ಹುಡುಗ. ಬೆಳೆದ ಮೇಲೆ ಫ್ರಾಂಕರಿಗೆ ಜಾಸ್ತಿ ಸೊಪ್ಪು ಹಾಕಲಿಲ್ಲ. ಇಟಲಿಯ ಲೊಂಬಾರ್ಡ್ ರಾಜನ ಮಗಳನ್ನು ಮದುವೆಯಾದ, 777ರಲ್ಲಿ ಇಂದಿನ ಆಸ್ಟ್ರಿಯಾದಲ್ಲಿರುವ ಕ್ರೆಮ್ಸ್‌ಮುನ್‌ಸ್ಟರ್ ಮಠ ಕಟ್ಟಿಸಿದ. ಗಂಡ ಹೆಂಡತಿ ಇಬ್ಬರ ಹೆಸರೂ ಕೆತ್ತಿದ, ಚಿನ್ನದ ಲೇಪದ ತಾಮ್ರದ ಪಾತ್ರೆ ಅಲ್ಲಿ ಈಗಲೂ ಇದೆ.

787ರಲ್ಲಿ ಪೆಪಿನ್‌ನ ಮಗ ಶಾರ್ಲಮೇನ್ ಮೂರು ಕಡೆಯಿಂದ ಸೈನ್ಯ ಕಳಿಸಿ ಇವನನ್ನು ಮಣಿಸಿದ. ಮರುವರ್ಷ ಇಂಗೆಲ್‌ಹೈಮ್‌ನಲ್ಲಿ ವಿಚಾರಣೆ. ಅಲ್ಲಿ ಎತ್ತಿದ ಒಂದು ಆರೋಪ ಏನು ಗೊತ್ತಾ? 763ರಲ್ಲಿ ಪೆಪಿನ್‌ನ ದಂಡು ಬಿಟ್ಟು ಮನೆಗೆ ಹೋಗಿದ್ದ ಅಂತ! 25 ವರ್ಷದ ಹಳೇ ಲೆಕ್ಕ, ಸುಮ್ನೆ ನೆಪ ಅಲ್ವಾ? ಮರಣದಂಡನೆ ಅಂದರು, ಆಮೇಲೆ ತಲೆ ಬೋಳಿಸಿ ಮಠಕ್ಕೆ ಅಟ್ಟಿದರು. ಅಷ್ಟಕ್ಕೂ ಸಮಾಧಾನವಾಗದೆ, 794ರಲ್ಲಿ ಫ್ರಾಂಕ್‌ಫರ್ಟ್ ಸಭೆಗೆ ಕರೆತಂದು ಬವೇರಿಯಾದ ಹಕ್ಕು ಬಿಟ್ಟೆ ಅಂತ ಹೇಳಿಸಿದರು.